ತಾತನ ವೇಗವೇ ಎಲ್ಲರ ವೇಗ: ಮೂರು ತಲೆಮಾರು ಸೇರಿ ಸಹಾಯಾರ್ಥ ಸೈಕಲ್ ಸವಾರಿ ಮಾಡುವುದು ಹೇಗೆ?

ನಮ್ಮಪ್ಪ ಒಳಪೆಡಲು ತುಳಿದು ಸೈಕಲ್ ಕಲಿತವರು. ನನ್ನ ಮಗಳದು ಗೇರ್ ಸೈಕಲ್. 'ಬನ್ನಿ, ಒಂದು ರೌಂಡ್ ಹೋಗಿಬರೋಣ' ಅಂತ ಸುಮ್ನೆ ಕರೆದಾಗಲೆಲ್ಲ ಅಪ್ಪ ಮಂಡಿ ನೋವು ಅನ್ನುತ್ತಿದ್ದರು. ಶಾಲೆ ಮಕ್ಕಳ ಸೈಕಲ್ ರಿಪೇರಿಗೆ ದುಡ್ಡು ಕೂಡಿಸಬೇಕು ಅಂದ ದಿನ ಅಟ್ಟದ ಮೇಲಿದ್ದ ಪಂಪು ತಾನಾಗಿ ಕೆಳಗಿಳಿಯಿತು. ಅದಕ್ಕೇ ಹೇಳುತ್ತೇನೆ, ರಸ್ತೆ ಆಮೇಲೆ ಹುಡುಕಿ. ಯಾರಿಗಾಗಿ ತುಳಿಯುತ್ತೀರಿ ಅನ್ನುವುದನ್ನು ಮೊದಲು ನಿರ್ಧರಿಸಿ.

ಯಾರಿಗಾಗಿ?

ನಮ್ಮ ರಾಜ್ಯದಲ್ಲಿ 8ನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. ಮಕ್ಕಳ ಹತ್ತಿರ ಸೈಕಲ್ ಇದ್ದರೂ ಟ್ಯೂಬು ಸೀಳಿ, ಬ್ರೇಕ್ ರಬ್ಬರು ಸವೆದು ಮೂಲೆ ಸೇರುವುದುಂಟು. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರನ್ನೂ ಕಂಡು ಮಾತಾಡಿ. ಸೈಕಲ್ ಶಾಪಿನವರನ್ನು ಕರೆದುಕೊಂಡು ಹೋಗಿ, ಯಾವುದಕ್ಕೆ ಏನು ಬೇಕು, ಎಷ್ಟಾಗುತ್ತೆ ಅಂತ ಬರೆಸಿ. ಅಜ್ಜ-ಅಜ್ಜಿ, ಮೊಮ್ಮಕ್ಕಳು ಆವತ್ತೇ ಜೊತೆಗಿರಲಿ.

ಎಲ್ಲಿ, ಯಾವಾಗ?

ಮೈಸೂರು, ಮಂಡ್ಯದ ಕಡೆಯವರಿಗೆ ನಾನು ಹೇಳುವುದು ಶ್ರೀರಂಗಪಟ್ಟಣ ಊರೊಳಗಿನ ರಸ್ತೆ. ರಂಗನಾಥಸ್ವಾಮಿ ದೇವಸ್ಥಾನದಿಂದ ಹೊರಟು, ದರಿಯಾ ದೌಲತ್, ಗುಂಬಜ್ ದಾಟಿದರೆ ಕಾವೇರಿಯ ಕವಲುಗಳು ಮತ್ತೆ ಕೂಡುವ ಸಂಗಮ. ಹೋಗಿಬರಲು ಎಂಟೊಂಬತ್ತು ಕಿಲೋಮೀಟರ್. ದೊಡ್ಡ ಏರಿಲ್ಲ. ಅಮಾವಾಸ್ಯೆ ಮಾತ್ರ ಬೇಡ, ಸಂಗಮದಲ್ಲಿ ಜನ ಜಾಸ್ತಿ. ಮೈಸೂರಿನಿಂದಲೇ ತುಳಿದುಕೊಂಡು ಬರುವವರು ನೆನಪಿಡಿ: ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಇಪ್ಪತ್ತು ಮೂವತ್ತು ಜನ ಸೇರುವುದಾದರೆ ಪೊಲೀಸ್ ಠಾಣೆಗೆ ಮೊದಲೇ ಒಂದು ಪತ್ರ ಕೊಡಿ.

ದುಡ್ಡು ಹೇಗೆ?

'ಕಿಲೋಮೀಟರಿಗೆ ಇಷ್ಟು' ಅಂತ ದೇಣಿಗೆ ಕೇಳುವ ರೂಢಿಯಿದೆ. ಹಿರಿಯರಿರುವ ಸವಾರಿಗೆ ಇದು ಬೇಡವೇ ಬೇಡ. ಇನ್ನೂ ಐವತ್ತು ರೂಪಾಯಿ ಬರುತ್ತೆ ಅಂತ ಅವರು ಸುಸ್ತಾದರೂ ತುಳಿಯುತ್ತಾರೆ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವ ಹಾಗೆ ಒಂದು ನೋಟ್‌ಬುಕ್ ಇಡಿ. ಹೆಸರು, ಮೊತ್ತ, ಅಷ್ಟೆ. ಬರೆಯುವ ಕೆಲಸ ಮಕ್ಕಳಿಗೆ ಕೊಡಿ. ನಮ್ಮ ಬೀದಿಯಲ್ಲಿ ನಾನು ಕೇಳಿದಾಗ 'ನೋಡೋಣ' ಅಂದವರು, ನೋಟ್‌ಬುಕ್ ಹಿಡಿದು ನಿಂತ ಮಗಳನ್ನು ಬರಿಗೈಯಲ್ಲಿ ಕಳಿಸಲಿಲ್ಲ.

ಸೈಕಲ್ ಸಿದ್ಧವೇ?

ಇದಕ್ಕೆ ಒಂದು ಇಡೀ ಭಾನುವಾರ ಎತ್ತಿಡಿ. ನನಗೆ ಸವಾರಿಗಿಂತ ಇಷ್ಟವಾದದ್ದು ಈ ದಿನವೇ. ಅಪ್ಪ ಗಾಳಿ ತುಂಬಿ, ಬೆರಳಿಗೆ ಎಂಜಲು ಮಾಡಿಕೊಂಡು ವಾಲ್ವಿನ ಬಾಯಿಗೆ ಹಚ್ಚಿದರು. ಸಣ್ಣ ಗುಳ್ಳೆ ಎದ್ದು ಒಡೆಯಿತು. 'ನೋಡು ಪುಟ್ಟಿ, ಉಸಿರಾಡ್ತಾ ಇದೆ. ವಾಲ್ವಿನೊಳಗಿನ ರಬ್ಬರು, ವಾಲ್ ಟ್ಯೂಬ್, ಹೋಗಿದೆ.' ಮಗಳು ಕುಕ್ಕರಗಾಲಲ್ಲಿ ಕೂತು, 'ತಾತ, ಇನ್ನೊಂದ್ಸಲ ಮಾಡಿ' ಅಂದಳು.

ಹಳೇ ಸೈಕಲ್ಲಿನ ಪಂಪು ಗೇರ್ ಸೈಕಲ್ಲಿಗೆ ಹಿಡಿಯುವುದಿಲ್ಲ. ಗೇರ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬೈಕಿನಂಥ ವಾಲ್ವು ಇರುತ್ತೆ. ಎರಡಕ್ಕೂ ಹೊಂದುವ ಪಂಪು ತನ್ನಿ.

ಇನ್ನು ಸೀಟು. ಪೆಡಲು ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ತಗ್ಗಿದ್ದಷ್ಟೂ ಮಂಡಿಗೆ ಭಾರ. ಆದರೆ ಹಿರಿಯರಿಗೆ ನೆಲ ಎಟುಕುವ ಧೈರ್ಯವೂ ಬೇಕಲ್ವಾ? ದಿನಕ್ಕೆ ಅರ್ಧ ಇಂಚು ಏರಿಸಿ, ತುಳಿದು ನೋಡಲಿ. ಕಾಲು ಎತ್ತಿ ಹತ್ತುವುದು ಕಷ್ಟವಾದರೆ ಅಡ್ಡಪೈಪಿಲ್ಲದ ಲೇಡೀಸ್ ಸೈಕಲ್ಲೇ ಒಳ್ಳೆಯದು. ನಮ್ಮಪ್ಪ ಎರಡು ದಿನ ಮುನಿಸಿಕೊಂಡು, ಮೂರನೇ ದಿನ ಒಪ್ಪಿದರು. ಬಿಪಿ, ಎದೆನೋವು ಇದ್ದವರು ಡಾಕ್ಟರನ್ನು ಕೇಳದೆ ಹೊರಡಬಾರದು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ತಾತನಿಗೂ.

ಆ ದಿನ

ಬೆಳಿಗ್ಗೆ ಆರೂವರೆಗೆ ಹೊರಡಿ. ಮುಂದೆ ತಾತ, ನಡುವೆ ಮಕ್ಕಳು, ಕೊನೆಗೆ ರಿಪೇರಿ ಗೊತ್ತಿರುವ ಒಬ್ಬರು. ಎಲ್ಲರೂ ಎಡಕ್ಕೆ, ಒಬ್ಬರ ಹಿಂದೆ ಒಬ್ಬರು. ತಾತನನ್ನು ಯಾರೂ ಹಿಂದೆ ಹಾಕುವಂತಿಲ್ಲ. ಮಕ್ಕಳಿಗೆ ಕಾರಣ ಹೇಳಿದರೆ ಕೇಳುತ್ತಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿ. ಬಾಳೆಹಣ್ಣು, ನೀರು, ಪಾನಕ ಇರಲಿ. ಹಿರಿಯರ ಬಾಯಿಂದ ಬಾಡಿಗೆ ಸೈಕಲ್ಲಿನ ಕಥೆಗಳು ಬರುವುದು ಇಂಥ ಕಡೆಯೇ. ಹೊರಡುವ ಅವಸರ ಮಾಡಬೇಡಿ.

ಲೆಕ್ಕ ಒಪ್ಪಿಸಿ

ದುಡ್ಡನ್ನು ನೇರ ಸೈಕಲ್ ಶಾಪಿಗೆ ಕೊಟ್ಟು ರಸೀದಿ ಪಡೆಯಿರಿ. ಒಂದು ಪ್ರತಿ ಶಾಲೆಗೆ, ಅದರ ಫೋಟೊ ದುಡ್ಡು ಕೊಟ್ಟ ಎಲ್ಲರಿಗೂ ವಾರದೊಳಗೆ ಹೋಗಲಿ.

ರಿಪೇರಿಯ ದಿನ ಮನೆಮಂದಿಯೆಲ್ಲ ಶಾಲೆಗೆ ಹೋಗಿ. ನಾವು ಹೋದಾಗ ಒಬ್ಬ ಹುಡುಗಿ ಬಂದು, ಸೈಕಲ್ಲಿಗೆ ಗಾಳಿ ನಿಲ್ತಾ ಇಲ್ಲ ಅಂದಳು. ಅಪ್ಪ ಬಗ್ಗುವಷ್ಟರಲ್ಲಿ ನನ್ನ ಮಗಳು ಬೆರಳಿಗೆ ಎಂಜಲು ಮಾಡಿಕೊಂಡಿದ್ದಳು.