ಸುಮ್ನೆ ಅಲ್ಲಾಡಿಸಿದರೆ ಶೇಕರ್ ಅಲ್ಲ: ವೇದಿಕೆಗೆ, ರೆಕಾರ್ಡಿಂಗಿಗೆ ಕೈವಾದ್ಯ ನುಡಿಸುವ ಬಗೆ

ಗಣಪತಿ ಹಬ್ಬದ ಆರ್ಕೆಸ್ಟ್ರಾ ಇರಲಿ, ಕಾಲೇಜಿನ ಯುವಜನೋತ್ಸವ ಇರಲಿ, ಹುಬ್ಬಳ್ಳಿ-ಧಾರವಾಡದ ವೇದಿಕೆಗಳಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ತಬಲಾಕ್ಕೆ ಒಳ್ಳೆಯವರನ್ನು ಹುಡುಕುತ್ತಾರೆ, ಕೀಬೋರ್ಡಿಗೂ ಹುಡುಕುತ್ತಾರೆ. ಶೇಕರ್, ಅಂದರೆ ಒಳಗೆ ಕಾಳು ತುಂಬಿ ಅಲ್ಲಾಡಿಸಿ ನುಡಿಸುವ ವಾದ್ಯ, ಮಾತ್ರ ಯಾರ ಕೈ ಖಾಲಿ ಇದೆಯೋ ಅವರಿಗೆ. "ಸುಮ್ನ ಅಲ್ಲಾಡ್ಸಪಾ, ಸಾಕು" ಅಂತ ಕೈಗಿಟ್ಟು ಹಾಡು ಶುರು ಮಾಡುತ್ತಾರೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ತಬಲಾದವರು ತಿರುಗಿ ತಿರುಗಿ ನೋಡುತ್ತಿರುತ್ತಾರೆ, ಯಾಕೆಂದರೆ ಲಯ ಎಳೆಯತೊಡಗಿದೆ. ಶೇಕರ್ ಸಣ್ಣ ವಾದ್ಯ ನಿಜ. ಆದರೆ ಅದು ಪ್ರತಿ ಮಾತ್ರೆಯನ್ನೂ (ತಾಳದ ಒಂದೊಂದು ಎಣಿಕೆಯನ್ನೂ) ಎರಡಾಗಿ, ನಾಲ್ಕಾಗಿ ಒಡೆದು ಕೇಳಿಸುತ್ತದೆ. ಅಲ್ಲಿ ತಪ್ಪಿದರೆ ಮುಚ್ಚಿಡಲು ಜಾಗವೇ ಇಲ್ಲ.

ಹಂತ 1: ಆರಿಸುವುದು

ಅಂಗಡಿಯಲ್ಲಿ ಶೇಕರನ್ನು ಜೋರಾಗಿ ಅಲ್ಲಾಡಿಸಿ ನೋಡಬೇಡಿ. ಒಂದೇ ಒಂದು ಸಲ ಮುಂದಕ್ಕೆ ಕೊಟ್ಟು ತಟ್ಟನೆ ನಿಲ್ಲಿಸಿ. "ಚಕ್" ಅಂತ ಒಂದೇ ಸದ್ದು ಬಂದರೆ ತಗೊಳ್ಳಿ. "ಛರ್ರ್" ಅಂತ ಹರಡಿದರೆ ವಾಪಸ್ ಇಡಿ. ಮೊಟ್ಟೆ ಆಕಾರದ ಶೇಕರ್ ರೆಕಾರ್ಡಿಂಗಿಗೆ ಚಂದ, ಮೈದಾನದ ವೇದಿಕೆಗೆ ಅದರ ಸದ್ದು ಸಾಲದು. ವೇದಿಕೆಗೆ ಗೇಣುದ್ದದ ಕೊಳವೆ ಶೇಕರೇ ಸರಿ. ಮಕ್ಕಳ ಆಟಿಕೆಯ ಸೆಟ್ಟಿನಲ್ಲಿ ಬರುವ ಬಣ್ಣಬಣ್ಣದ ಪ್ಲಾಸ್ಟಿಕ್ ಮರಾಕಾಸ್‌ಗೆ ದುಡ್ಡು ಹಾಕಬೇಡಿ. ಎರಡು ಹೋಳು ಅಂಟಿಸಿದ ಜಾಗದಲ್ಲಿ ಬಿರುಕು ಬಿಟ್ಟು ಕಟಕಟ ಅನ್ನುತ್ತವೆ. ಹಿಡಿಕೆ ಸಡಿಲಾದ ಮೇಲಂತೂ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ನಿಮಗೇ ಗೊತ್ತಾಗುವುದಿಲ್ಲ.

ಅದಕ್ಕಿಂತ ಮನೆಯಲ್ಲೇ ಮಾಡಿಕೊಳ್ಳಿ. ಗಟ್ಟಿ ಮುಚ್ಚಳದ ಸಣ್ಣ ಪ್ಲಾಸ್ಟಿಕ್ ಡಬ್ಬಿ ಸಾಕು. ನವಣೆ ಅಥವಾ ರಾಗಿ ತುಂಬಿದರೆ ಮೆತ್ತಗಿನ ಸದ್ದು, ಭಾವಗೀತೆಗೆ ಹೊಂದುತ್ತದೆ. ಜೋಳ ತುಂಬಿದರೆ ಗಡುಸು. ಕಡಲೆ ಬೇಡ, ಒಂದೊಂದು ಕಾಳೂ ಬೇರೆ ಬೇರೆ ಕೇಳುತ್ತದೆ. ಡಬ್ಬಿಯ ಕಾಲು ಭಾಗ ಮಾತ್ರ ತುಂಬಿ. ಜಾಸ್ತಿ ಹಾಕಿದರೆ ಕಾಳು ಹಾರಲು ಜಾಗ ಇರದೆ ಸದ್ದು ಸತ್ತುಹೋಗುತ್ತದೆ. ತುಂಬುವ ಮುಂಚೆ ಕಾಳನ್ನು ಸ್ವಲ್ಪ ಹುರಿದು ಆರಿಸಿಕೊಳ್ಳಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಥಂಡಿ ಹಿಡಿಯುತ್ತದೆ, ಆಮೇಲೆ ನುಸಿ. ಸ್ಟೀಲ್ ಡಬ್ಬಿ ಬೇಡವೇ ಬೇಡ, ಮೈಕಿನಲ್ಲಿ ಕಿವಿ ಚುಚ್ಚುತ್ತದೆ. ಗುಲ್‌ಮೊಹರ್ ಮರದ ಒಣಗಿದ ಉದ್ದನೆಯ ಕಾಯಿ ಸಿಕ್ಕರೆ ಅದನ್ನೂ ಎತ್ತಿಟ್ಟುಕೊಳ್ಳಿ. ಅದರೊಳಗೆ ಪ್ರತಿ ಬೀಜಕ್ಕೂ ಬೇರೆ ಗೂಡು ಇರುತ್ತದೆ. ಬೀಜ ದೂರ ಓಡಲಾರದು, ಹಾಗಾಗಿ ಸದ್ದು ಒಣದಾಗಿ, ಚಿಕ್ಕದಾಗಿ ಬರುತ್ತದೆ. ರೆಕಾರ್ಡಿಂಗಿಗೆ ಬಲು ಒಳ್ಳೆಯದು.

ತತ್ವಪದಕ್ಕೆ ಶೇಕರ್ ಹಿಡಿಯಲೇಬೇಡಿ. ಶಿಗ್ಗಾಂವಿ ತಾಲೂಕಿನ ಶಿಶುನಾಳ ಶರೀಫರ (1819–1889) ಪದಗಳನ್ನು ನಮ್ಮ ಭಜನಾ ಮಂಡಳಿಗಳು ಏಕತಾರಿ, ದಮ್ಮಡಿ (ಚರ್ಮ ಹೊದಿಸಿದ ಬಳೆಯಾಕಾರದ ವಾದ್ಯ), ತಾಳ ಹಿಡಿದು ಹಾಡಿಕೊಂಡು ಬಂದಿವೆ. ಅಲ್ಲಿ ಶೇಕರ್ ಸೇರಿಸಿದರೆ ತಾಳದ ಕಂಚಿನ ನಾದದ ಮೇಲೆ ಸರಸರ ಅನ್ನುವ ಪರದೆ ಬಿದ್ದಂತೆ ಆಗುತ್ತದೆ. ಖಂಜಿರ, ಅಂದರೆ ಒಂದು ಪಕ್ಕ ಚರ್ಮ ಹೊದಿಸಿದ ಸಣ್ಣ ಕೈವಾದ್ಯ, ಕೊಳ್ಳುವವರಿಗೆ ಇನ್ನೊಂದು ಮಾತು. ಉಡದ ಚರ್ಮದ್ದು ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಆಡಿನ ಚರ್ಮದ್ದು ಅಥವಾ ಸಿಂಥೆಟಿಕ್ ಹೊದಿಕೆಯದು ತಗೊಳ್ಳಿ.

ಹಂತ 2: ಹಿಡಿಯುವುದು

ಬೆರಳ ತುದಿಯಲ್ಲಿ ಹಿಡಿಯಿರಿ. ಅಂಗೈ ಪೂರ್ತಿ ಮುಚ್ಚಿದರೆ ಸದ್ದು ಮಂಕಾಗುತ್ತದೆ.

ಹಂತ 3: ಪೆಟ್ಟು

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಶೇಕರಿನ ಸದ್ದು ಕೈ ಹೋಗುವಾಗ ಹುಟ್ಟುವುದಿಲ್ಲ. ಕೈ ನಿಂತಾಗ ಹುಟ್ಟುತ್ತದೆ. ಮೊರದಲ್ಲಿ ಜೋಳ ಹಸನು ಮಾಡುವವರ ಕೈ ನೋಡಿ. ಮೊರ ಮುಂದೆ ಹೋಗಿ ತಟ್ಟನೆ ನಿಲ್ಲುತ್ತದೆ, ಕಾಳು ಮಾತ್ರ ನಿಲ್ಲದೆ ಹಾರುತ್ತದೆ. ಡಬ್ಬಿಯೊಳಗೂ ಅದೇ ನಡೆಯುವುದು. ಕೈ ನಿಂತ ಮೇಲೆ ಕಾಳು ಮುಂದಕ್ಕೆ ಓಡಿ ಎದುರಿನ ಗೋಡೆಗೆ ಬಡಿಯುತ್ತದೆ. ನಿಮಗೆ ಕೇಳುವುದು ಆ ಬಡಿತ. ಹಾಗಾಗಿ ಮಾತ್ರೆ ಬಂದಾಗ ಕೈ ಹೊರಟರೆ ಆಗಲೇ ತಡವಾಯಿತು. ಕೈ ಮುಂಚೆಯೇ ಹೊರಡಬೇಕು, ಕೂದಲೆಳೆಯಷ್ಟು ಮುಂಚೆಯೇ ನಿಲ್ಲಬೇಕು, ಕಾಳು ಸರಿಯಾಗಿ ಮಾತ್ರೆಯ ಮೇಲೆ ಬೀಳಬೇಕು. ವೇದಿಕೆಯಲ್ಲಿ ಲಯ ಎಳೆಯುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ.

ಅಭ್ಯಾಸ ಹೀಗೆ ಮಾಡಿ. ಮೆಟ್ರೋನೋಮನ್ನು (ಒಂದೇ ಸಮನೆ ಟಿಕ್ ಟಿಕ್ ಅಂತ ಲಯ ತೋರಿಸುವ ಸಾಧನ) ನಿಮಿಷಕ್ಕೆ 60ಕ್ಕೆ ಇಟ್ಟುಕೊಳ್ಳಿ. ಮೊದಲು ಮುಂದಿನ ಪೆಟ್ಟು, ಅಂದರೆ ಕೈ ಮುಂದಕ್ಕೆ ಹೋದಾಗಿನದು, ಮಾತ್ರ. ಕೈಯನ್ನು ಸದ್ದಾಗದ ಹಾಗೆ ಮೆಲ್ಲಗೆ ವಾಪಸ್ ತನ್ನಿ. ಪೆಟ್ಟು ಸರಿಯಾಗಿ ಬಿದ್ದಾಗ ಮೆಟ್ರೋನೋಮಿನ ಟಿಕ್ ನಿಮ್ಮ "ಚಕ್" ಒಳಗೆ ಮುಳುಗಿಹೋಗುತ್ತದೆ. ಎರಡೂ ಬೇರೆ ಬೇರೆ ಕೇಳುತ್ತಿದ್ದರೆ ಇನ್ನೂ ಸ್ವಲ್ಪ ಮುಂಚೆ ಹೊರಡಿ. ಆಮೇಲೆ ಹಿಂದಿನ ಪೆಟ್ಟು, ಅಂದರೆ ಕೈ ಹಿಂದಕ್ಕೆ ಬಂದಾಗಿನದು, ಮಾತ್ರ. ಇದು ಎಲ್ಲರಿಗೂ ದುರ್ಬಲವಾಗಿಯೇ ಬರುತ್ತದೆ. ಅದಕ್ಕೇ ಇದನ್ನು ಮುಂದಿನದಕ್ಕಿಂತ ಎರಡು ಪಟ್ಟು ಹೊತ್ತು ಮಾಡಿ. ಎರಡೂ ಗಟ್ಟಿಯಾದ ಮೇಲೆ ಮಾತ್ರ ಕೂಡಿಸಿ.

ಕೈ ನೆಲಕ್ಕೆ ಸಮನಾಗಿ, ನೇರ ಗೆರೆಯಲ್ಲಿ ಓಡಾಡಬೇಕು. ಕೈ ಕಮಾನಿನಂತೆ ಬಾಗಿದರೆ ಕಾಳು ಗೋಡೆಗುಂಟ ಉರುಳಿ ಸದ್ದು ಹರಡುತ್ತದೆ. ವೇಗ ಹೆಚ್ಚಿದಂತೆ ಓಡಾಟ ಚಿಕ್ಕದಾಗಬೇಕು. ಹೊಸಬರು ಇದರ ಉಲ್ಟಾ ಮಾಡುತ್ತಾರೆ. ಹಾಡು ಏರಿದಂತೆ ಕೈ ಬೀಸುವುದೂ ಏರುತ್ತದೆ, ಭುಜ ಬಿಗಿಯುತ್ತದೆ, ಕೊನೆಯ ಪಲ್ಲವಿಗೆ ಕೈ ಸೋತಿರುತ್ತದೆ. ಒತ್ತು ಬೇಕಾದಾಗಲೂ ದೂರ ಬೀಸಬೇಡಿ, ಇನ್ನಷ್ಟು ಚುರುಕಾಗಿ ನಿಲ್ಲಿಸಿ. ನಿಮಿಷಕ್ಕೆ 100 ಬೀಟಿನ ಹಾಡಿನಲ್ಲಿ ಬೀಟಿಗೆ ನಾಲ್ಕು ಪೆಟ್ಟು ಹಾಕಿದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಸಿಗುವುದು 0.15 ಸೆಕೆಂಡ್. ಅಷ್ಟರಲ್ಲಿ ದೊಡ್ಡದಾಗಿ ಬೀಸಿ ವಾಪಸ್ ಬರಲು ಆಗುವುದಿಲ್ಲ.

ಇನ್ನು ಠೇಕಾ, ಅಂದರೆ ತಬಲಾದವರು ಹಿಡಿಯುವ ತಾಳದ ನಡೆ. ಕೆಹರವಾ ತಾಳಕ್ಕೆ 8 ಮಾತ್ರೆ, ಒಂದು ಮಾತ್ರೆಗೆ ಒಂದು ಪೆಟ್ಟು ಹಾಕಿದರೂ ಎರಡು ಹಾಕಿದರೂ ಸಮ್ (ಮೊದಲ ಮಾತ್ರೆ) ಮುಂದಿನ ಪೆಟ್ಟಿಗೇ ಬೀಳುತ್ತದೆ. 6 ಮಾತ್ರೆಯ ದಾದ್ರಾದಲ್ಲಿ ಮಾತ್ರೆಗೆ ಒಂದೇ ಪೆಟ್ಟು ಹಾಕಿದರೆ ನಾಲ್ಕನೇ ಮಾತ್ರೆ, ಅಂದರೆ ಒತ್ತಿಲ್ಲದ ಖಾಲಿ, ಹಿಂದಿನ ಪೆಟ್ಟಿಗೆ ಬರುತ್ತದೆ. ಅದು ತಾನಾಗಿಯೇ ಮೆತ್ತಗಾಗಿ ಖಾಲಿಗೆ ಹೊಂದಿಕೊಳ್ಳುತ್ತದೆ, ಹಾಗೇ ಬಿಡಿ. ತೊಂದರೆ ಬರುವುದು ರೂಪಕದಲ್ಲಿ. ಮಾತ್ರೆ 7 ಇರುವುದರಿಂದ ಒಂದೊಂದೇ ಪೆಟ್ಟು ಹಾಕಿದರೆ ಒಂದು ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) ಮುಂದಿನ ಪೆಟ್ಟಿನಿಂದ ಶುರು, ಮರು ಆವರ್ತನಕ್ಕೆ ಹಿಂದಿನದರಿಂದ. ಒತ್ತು ಅದಲುಬದಲಾಗಿ ತಬಲಾದವರಿಗೂ ಗಲಿಬಿಲಿ. ರೂಪಕಕ್ಕೆ ಯಾವಾಗಲೂ ಮಾತ್ರೆಗೆ ಎರಡರಂತೆ 14 ಪೆಟ್ಟು ಹಾಕಿ.

ಇಷ್ಟನ್ನೂ ಬರೀ ಮೆಟ್ರೋನೋಮಿನ ಜೊತೆ ಕಲಿತರೆ ಅರ್ಧ ಕಲಿತ ಹಾಗೆ. ನಮ್ಮ ಕಡೆ ತಬಲಾ ಬಲ್ಲವರಿಗೆ ಬರ ಇಲ್ಲ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರೇ ಎಷ್ಟೋ ಜನ ಇದ್ದಾರೆ. ಒಬ್ಬರನ್ನು ಕೇಳಿಕೊಂಡು ಠೇಕಾದ ಜೊತೆ ಕೂತು ನುಡಿಸಿ. ಎಲ್ಲಿ ಎಳೆಯುತ್ತಿದ್ದೀರಿ ಅಂತ ಅವರು ಮುಖದ ಮೇಲೆಯೇ ಹೇಳುತ್ತಾರೆ.

ಹಂತ 4: ತಾಳ, ದಮ್ಮಡಿ

ತಾಳದ ಎರಡು ಬಟ್ಟಲನ್ನು ಸರಿಯಾಗಿ ಮುಖಕ್ಕೆ ಮುಖ ಕೂಡಿಸಿ ಬಡಿಯಬೇಡಿ. ನಡುವೆ ಗಾಳಿ ಸಿಕ್ಕಿಕೊಂಡು "ಪಚ್" ಅನ್ನುತ್ತದೆ. ಅಂಚು ಸ್ವಲ್ಪ ಆಚೀಚೆ ಇರಲಿ. ದಮ್ಮಡಿಯ ಚರ್ಮ ಥಂಡಿಗೆ ಸಡಿಲಾಗಿದ್ದರೆ ಬಿಸಿಲಿಗೆ ಇಡಿ, ಬಿಸಿಲಿಲ್ಲದ ದಿನ ಕೆಂಡಕ್ಕೆ ದೂರದಿಂದ ಹಿಡಿಯಿರಿ. ಅವಸರಕ್ಕೆ ಗ್ಯಾಸ್ ಒಲೆಯ ಉರಿಗೆ ಹಿಡಿದರೆ ಚರ್ಮ ಸುಟ್ಟು ಬಿರಿಯುತ್ತದೆ.

ಹಂತ 5: ವೇದಿಕೆ

ಹಾಡುವವರ ಮೈಕನ್ನು ಹಂಚಿಕೊಳ್ಳಬೇಡಿ, ಬೇರೆ ಮೈಕು ಕೇಳಿ. ವೇದಿಕೆಯಲ್ಲಿ ಹಾಡುವವರು ಬಳಸುವಂಥ ಸಾಮಾನ್ಯ ಡೈನಾಮಿಕ್ ಮೈಕ್ ಸಾಕು. ಅದು ಶೇಕರಿನ ಮುಂದೆ ಬೇಡ, ಪಕ್ಕದಲ್ಲಿ ಒಂದು ಗೇಣು ದೂರ ಇರಲಿ. ಮುಂದೆ ಇದ್ದರೆ ಪ್ರತಿ ಪೆಟ್ಟಿಗೂ ದೂರ ಬದಲಾಗಿ ಸದ್ದು ಏರಿಳಿಯುತ್ತದೆ, ಕೈಯ ಗಾಳಿಯೂ ಬಡಿಯುತ್ತದೆ. ಸೌಂಡಿನವರಿಗೆ ಎರಡು ಮಾತು ಹೇಳಿ: 200 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸದ್ದನ್ನು ಕತ್ತರಿಸಿ, ಎಕೋ ಹಾಕಬೇಡಿ.

ಹುಬ್ಬಳ್ಳಿಯ ನೆಹರೂ ಮೈದಾನದಂಥ ಬಯಲಿನಲ್ಲಿ ನುಡಿಸುವಾಗ ದೊಡ್ಡ ಸ್ಪೀಕರಿನ ಸದ್ದಿಗೆ ಕಿವಿ ಕೊಡಬೇಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 34 ಮೀಟರ್ ದೂರದ ಗೋಡೆಗೆ ಬಡಿದು ವಾಪಸ್ ಬರಲು 0.2 ಸೆಕೆಂಡ್. ಮೇಲೆ ಹೇಳಿದ ಎರಡು ಪೆಟ್ಟಿನ ನಡುವಿನ 0.15 ಸೆಕೆಂಡಿಗಿಂತ ಅದು ಜಾಸ್ತಿ. ಅದನ್ನು ಕೇಳಿಕೊಂಡು ನುಡಿಸಿದರೆ ತಪ್ಪುವುದು ಖಂಡಿತ. ತಬಲಾದವರ ಪಕ್ಕದಲ್ಲೇ ನಿಂತು ಅವರ ಬೆರಳು ನೋಡುತ್ತಾ ನುಡಿಸಿ.

ಹಂತ 6: ರೆಕಾರ್ಡಿಂಗ್

ಬಳೆ, ವಾಚು ತೆಗೆದಿಡಿ. ಗಂಜಿ ಹಾಕಿದ ಅಂಗಿ ಬೇಡ, ಅದರ ಸರಬರ ಸದ್ದು ಶೇಕರಿನ ಜೊತೆ ಬೆರೆತರೆ ಆಮೇಲೆ ಬೇರ್ಪಡಿಸಲು ಆಗುವುದಿಲ್ಲ. ಮನೆಯಲ್ಲೇ ಮಾಡುವವರು ಫ್ಯಾನ್ ಆರಿಸಿ, ಬೆನ್ನ ಹಿಂದೆ ದಪ್ಪ ಕೌದಿ ಇಳಿಬಿಡಿ, ನೆಲಕ್ಕೆ ಜಮಖಾನ ಹಾಸಿ. ದುಡ್ಡು ಕೊಟ್ಟು ತರುವ ತೆಳ್ಳಗಿನ ಸ್ಪಂಜಿಗಿಂತ ಹಳೇ ಸೀರೆಯ ಕೌದಿಯೇ ಮೇಲು.

ಕಂಡೆನ್ಸರ್ ಮೈಕನ್ನು (ಸಣ್ಣ ಸದ್ದನ್ನೂ ಹಿಡಿಯುವ ಸ್ಟುಡಿಯೋ ಮೈಕು) 40–60 ಸೆಂಟಿಮೀಟರ್ ದೂರ ಇಡಿ. ರೆಕಾರ್ಡಿಂಗ್ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಿರಲಿ. ಶೇಕರಿನ ಪೆಟ್ಟು ತೀರಾ ಚುರುಕು. ಸರಾಸರಿ ತೋರಿಸುವ ಮೀಟರಿನಲ್ಲಿ ಕಡಿಮೆ ಕಂಡರೂ ನಿಜವಾದ ತುದಿ ಎತ್ತರದಲ್ಲಿರುತ್ತದೆ. ಇಡೀ ಹಾಡನ್ನು ಒಂದೇ ಉಸಿರಿಗೆ ನುಡಿಸಿ. ಎರಡು ಆವರ್ತನ ನುಡಿಸಿ ಕಾಪಿ-ಪೇಸ್ಟ್ ಮಾಡುವ ಚಾಳಿ ಈಗ ಜಾಸ್ತಿ. ಆದರೆ ಪಲ್ಲವಿಗೆ ಕೈ ಸ್ವಲ್ಪ ಏರುವುದು, ಚರಣಕ್ಕೆ ಇಳಿಯುವುದು ಹಾಗೆ ಮಾಡಿದರೆ ಬರುವುದಿಲ್ಲ. ಮಿಕ್ಸಿಂಗಿನಲ್ಲಿ ಶೇಕರನ್ನು ನಡುವೆ ಇಡದೆ ಸ್ವಲ್ಪ ಒಂದು ಪಕ್ಕಕ್ಕೆ ಸರಿಸಿ, ನಡುಜಾಗ ಹಾಡುವವರಿಗಿರಲಿ.

ಮುಗಿದ ಹಾಡನ್ನು ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಕಳಿಸಿ "ಹೆಂಗ ಬಂದೈತಿ?" ಅಂತ ಕೇಳಬೇಡಿ. ಫೈಲು ಕುಗ್ಗಿಸುವಾಗ ಮೊದಲು ಕೆಡುವುದು ಶೇಕರಿನಂಥ ಮೇಲುಸ್ಥಾಯಿಯ ಸಣ್ಣ ಸದ್ದುಗಳೇ, ನೀರು ಹರಿದಂತೆ ಕೇಳುತ್ತವೆ. ಕುಗ್ಗಿಸದ ವೇವ್ (WAV) ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಫೋನಿನ ಸ್ಪೀಕರ್ ಬಿಟ್ಟು ಇಯರ್‌ಫೋನ್ ಹಾಕಿಕೊಂಡೇ ಕೇಳಲು ಹೇಳಿ.