ಪಿಕೆಲ್‌ಹೌಬೆಯ ಒಳಮುದ್ರೆಯನ್ನು ಓದಿದ ಬಗೆ

ಜರ್ಮನಿಯ ಹಳೆಯ ಸಾಮಾನಿನ ಸಂತೆಯೊಂದರಲ್ಲಿ ನಾನು ಕೊಂಡ ಚರ್ಮದ ಶಿರಸ್ತ್ರಾಣ, ಅಂದರೆ ನೆತ್ತಿಯ ಮೇಲೆ ಮೊನೆಯಿರುವ, ಹಿಂದಿನ ಜರ್ಮನ್ ರಾಜ್ಯ ಪ್ರಷ್ಯದ ಪಿಕೆಲ್‌ಹೌಬೆ, ಯಾವ ರೆಜಿಮೆಂಟಿನದೆಂದು ತಿಳಿಯಲು ಮೂರು ವಾರ ಹಿಡಿಯಿತು. ಮುಂಭಾಗದ ಹಿತ್ತಾಳೆಯ ಹದ್ದನ್ನೇ ನೋಡುತ್ತ ಕುಳಿತದ್ದು ನನ್ನ ಮೊದಲ ತಪ್ಪು. ಆ ಹದ್ದು ಪ್ರಷ್ಯದ ಹತ್ತಾರು ಕಾಲಾಳು ರೆಜಿಮೆಂಟುಗಳಿಗೆ ಸಾಮಾನ್ಯವಾಗಿತ್ತು.

ಸುಳಿವು ಇದ್ದದ್ದು ಕುತ್ತಿಗೆಯ ಕಡೆಗೆ ಚಾಚಿದ ಹಿಂದಿನ ಅಂಚಿನ ಒಳಮೈಯಲ್ಲಿ. ನೇರ ಬೆಳಕಿನಲ್ಲಿ ಅಲ್ಲಿ ಬರಿಯ ಮಾಸಿದ ಚರ್ಮ ಕಾಣುತ್ತಿತ್ತು. ಟಾರ್ಚನ್ನು ಚರ್ಮಕ್ಕೆ ತಾಗುವಷ್ಟು ಓರೆಯಾಗಿ ಹಿಡಿದಾಗ ಅಚ್ಚೊತ್ತಿದ ಗೆರೆಗಳ ನೆರಳು ಎದ್ದು, ‘ಬಿ.ಎ.’, ರೋಮನ್ ಅಂಕಿಯ 11, 1912, ಅದರ ಕೆಳಗೆ ‘ಜೆ.ಆರ್. 83’ ಎಂದು ಓದಲು ಬಂತು. ‘ಜೆ’ ತಯಾರಕನ ಹೆಸರಿನ ಮೊದಲಕ್ಷರವೆಂದು ನಂಬಿ ನಾನು ಒಂದು ವಾರವನ್ನು ಸುಮ್ಮನೆ ಕಳೆದೆ. ಹಳೆಯ ಜರ್ಮನ್ ಬರವಣಿಗೆಯಲ್ಲಿ ದೊಡ್ಡಕ್ಷರದ ‘ಐ’ಯನ್ನು ‘ಜೆ’ಯಂತೆಯೇ ಬರೆಯುತ್ತಿದ್ದರೆಂದು ನೆನಪಾದಾಗ ಗಂಟು ಬಿಚ್ಚಿತು: ಅದು ಇನ್‌ಫಾಂಟೆರಿ ರೆಜಿಮೆಂಟ್ 83. ‘ಬಿ.ಎ.’ ಎಂದರೆ ಬೆಕ್ಲೈಡುಂಗ್ಸ್‌ಆಮ್ಟ್, ಸೇನಾ ಕೋರಿಗೆ, ಅಂದರೆ ಹಲವು ರೆಜಿಮೆಂಟುಗಳ ದೊಡ್ಡ ಪಡೆಗೆ, ಉಡುಪು ಒದಗಿಸುತ್ತಿದ್ದ ಕಚೇರಿ. ರೋಮನ್ ಅಂಕಿ ಕೋರಿನ ಸಂಖ್ಯೆ; 11ನೆಯ ಕೋರಿನ ಕೇಂದ್ರ ಜರ್ಮನಿಯ ಕಾಸೆಲ್ ನಗರವಾಗಿತ್ತು. 83ನೆಯ ರೆಜಿಮೆಂಟಿನ ನೆಲೆಯೂ ಅದೇ.

ಎರಡು ಮುದ್ರೆಗಳು ಹೀಗೆ ಒಂದೇ ಊರಿಗೆ ಹೊಂದಿದ್ದು ನನ್ನ ನಂಬಿಕೆಯನ್ನು ಹೆಚ್ಚಿಸಿತು, ಆದರೂ ಜಾಣ ನಕಲಿಗಾರನಿಗೆ ಇಷ್ಟು ಗೊತ್ತಿರುತ್ತದೆ. ಅಧಿಕಾರಿಗಳು ಶಿರಸ್ತ್ರಾಣವನ್ನು ಸ್ವಂತ ಹಣದಿಂದ ಕೊಳ್ಳುತ್ತಿದ್ದುದರಿಂದ ಅವರದರಲ್ಲಿ ಇಂಥ ಮುದ್ರೆ ಸಾಮಾನ್ಯವಾಗಿ ಸಿಗುವುದಿಲ್ಲ.