ಅಮೆರಿಕದ ಕಾಲೇಜಿನಲ್ಲಿ ಮೊದಲ ವರ್ಷ: ಡಾರ್ಮ್ ಆರಿಸುವುದು ಹೇಗೆ?

ಪಿಯುಸಿ ಮುಗಿಸಿ ಡಿಗ್ರಿಗೆ ನೇರವಾಗಿ ಅಮೆರಿಕಕ್ಕೆ ಹೊರಡುವ ಮಕ್ಕಳ ಮನೆಯಲ್ಲಿ ಏಪ್ರಿಲ್ ಬಂತೆಂದರೆ ಗಡಿಬಿಡಿ. ಹೆಚ್ಚಿನ ಕಾಲೇಜುಗಳಿಗೆ ಮೇ 1ರೊಳಗೆ ಬರುತ್ತೇನೋ ಇಲ್ಲವೋ ಎಂದು ತಿಳಿಸಬೇಕು. ಜೊತೆಗೆ ಬ್ಯಾಂಕ್ ಸಾಲ, ವೀಸಾಗೆ ಬೇಕಾದ ಕಾಲೇಜಿನ ಪತ್ರ ಐ-20, ವೀಸಾ ಸಂದರ್ಶನ. ಈ ಗದ್ದಲದಲ್ಲಿ ಡಾರ್ಮಿಗೆ, ಅಂದರೆ ಕಾಲೇಜಿನ ಹಾಸ್ಟೆಲಿಗೆ, ಹಾಕುವ ಹೌಸಿಂಗ್ ಅರ್ಜಿಯನ್ನು ‘ಎಲ್ಲೋ ಒಂದು ರೂಮ್ ಕೊಟ್ಟೇ ಕೊಡ್ತಾರೆ ಬಿಡು’ ಎಂದು ಹಿಂದಕ್ಕೆ ತಳ್ಳುವವರೇ ಜಾಸ್ತಿ. ಕೊಡುತ್ತಾರೆ, ನಿಜ. ಎಷ್ಟೋ ಕಡೆ ಅದು ಬೇರೆಯವರು ಆರಿಸಿಕೊಂಡ ಮೇಲೆ ಉಳಿದ ರೂಮ್ ಆಗಿರುತ್ತದೆ.

ಅರ್ಜಿ ತುಂಬುವಾಗ ಎಲ್ಲರಿಗೂ ಬರುವ ಪ್ರಶ್ನೆ ಒಂದೇ. ಓದಿಗೆ ಒಳ್ಳೆಯ ಕಟ್ಟಡ ಬೇಕಾ, ಗೆಳೆಯರು ಸಿಗುವ ಕಟ್ಟಡ ಬೇಕಾ? ನನ್ನ ಉತ್ತರ: ಡಾರ್ಮನ್ನು ನಿದ್ದೆಗೆ ಮತ್ತು ಜನರಿಗಾಗಿ ಆರಿಸಿ. ಓದಿಗೆ ಲೈಬ್ರರಿ ಇದೆ. ಆ ಲೈಬ್ರರಿ ರೂಮಿನಿಂದ ಎಷ್ಟು ದೂರ ಅನ್ನುವುದೇ ಮುಖ್ಯ.

ಮೊದಲು ಮ್ಯಾಪ್, ಆಮೇಲೆ ಫೋಟೊ

ಕಾಲೇಜಿನ ವೆಬ್‌ಸೈಟಿನಲ್ಲಿರುವ ರೂಮಿನ ಚಿತ್ರ ನೋಡಿ ಮರುಳಾಗಬೇಡಿ. ಎಲ್ಲ ಕಡೆ ಅದೇ ಮಂಚ, ಅದೇ ಮೇಜು. ಮ್ಯಾಪ್ ತೆರೆದು ಮೂರು ದೂರ ಅಳೆಯಿರಿ: ರೂಮಿನಿಂದ ಊಟದ ಹಾಲ್, ರೂಮಿನಿಂದ ನಿಮ್ಮ ವಿಭಾಗದ ಕ್ಲಾಸುಗಳು, ರೂಮಿನಿಂದ ರಾತ್ರಿ ತೆರೆದಿರುವ ಲೈಬ್ರರಿ.

ಉದಾಹರಣೆಗೆ, ನಮ್ಮ ಎಂಜಿನಿಯರಿಂಗ್ ಮಕ್ಕಳು ತುಂಬಾ ಕೇಳುವ ಇಲಿನಾಯ್ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. ಅದರ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ ಮೊದಲ ವರ್ಷದವರು ವಿಶ್ವವಿದ್ಯಾಲಯದ ಹಾಲ್‌ಗಳಲ್ಲಿ (ಡಾರ್ಮ್ ಕಟ್ಟಡಗಳಲ್ಲಿ) ಅಥವಾ ಅದು ಮಾನ್ಯ ಮಾಡಿದ ಖಾಸಗಿ ಹಾಲ್‌ಗಳಲ್ಲೇ ಇರಬೇಕು. ಐಎಸ್ಆರ್ ಎಂದು ಕರೆಯುವ ಇಲಿನಾಯ್ ಸ್ಟ್ರೀಟ್ ಹಾಲ್‌ಗಳು ಎಂಜಿನಿಯರಿಂಗ್ ಕಟ್ಟಡಗಳಿಗೂ ಗ್ರೇಂಜರ್ ಲೈಬ್ರರಿಗೂ ಹತ್ತಿರ. ಹುಡುಗರ ಬಾಯಲ್ಲಿ ‘ಸಿಕ್ಸ್ ಪ್ಯಾಕ್’ ಆಗಿರುವ ಐಕನ್‌ಬೆರಿ ಕಡೆ ಮೊದಲ ವರ್ಷದವರ ದಂಡೇ ಇರುತ್ತದೆ. ದೊಡ್ಡ ಜಿಮ್ ಪಕ್ಕದಲ್ಲೇ, ಗಲಾಟೆಯೂ ಅಷ್ಟೇ. ಅಲ್ಲಿಂದ ಎಂಜಿನಿಯರಿಂಗ್ ಕಡೆಗೆ ಸುಮಾರು 20 ನಿಮಿಷದ ನಡಿಗೆ. ಅರ್ಬಾನಾ ಕಡೆಯ ತುದಿಯಲ್ಲಿ ಪಾರ್ ಮತ್ತು ಫಾರ್ ಎಂಬ ಹಾಲ್‌ಗಳು ಇವೆ. ಅಲನ್ ಹಾಲ್‌ನಲ್ಲಿ 1972ರಿಂದ ‘ಯೂನಿಟ್ ಒನ್’ ಅನ್ನುವ ಕಾರ್ಯಕ್ರಮ ನಡೆಯುತ್ತಿದೆ. ಕಲಾವಿದರು, ಹೋರಾಟಗಾರರು ಅತಿಥಿಗಳಾಗಿ ಬಂದು ಅಲ್ಲೇ ಉಳಿದು ಮಕ್ಕಳ ಜೊತೆ ಹರಟುತ್ತಾರೆ.

ಆಗಸ್ಟಿನಲ್ಲಿ 20 ನಿಮಿಷ ನಡೆಯುವುದು ಏನೂ ಅಲ್ಲ. ಜನವರಿಯಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಮುಖಕ್ಕೆ ಹೊಡೆಯುವ ಗಾಳಿಯಲ್ಲಿ, ಬೆಳಗಿನ 8ರ ಕ್ಲಾಸಿಗೆ ಹೊರಡಲು ಬೆಂಗಳೂರಿನ ಹವೆಗೆ ಒಗ್ಗಿದ ಕಾಲು ಏಳುವುದಿಲ್ಲ. ಬಸ್ಸೇನೋ ಇದೆ. ಕ್ಲಾಸಿಗಾದರೆ ಹೇಗೋ ಹತ್ತುತ್ತಾರೆ, ರಾತ್ರಿ ಲೈಬ್ರರಿಗೆ ಮಾತ್ರ ‘ನಾಳೆ ಹೋದರಾಯಿತು’ ಅನ್ನುತ್ತಾರೆ. ಆ ನಾಳೆ ಮಿಡ್‌ಟರ್ಮ್ ಪರೀಕ್ಷೆಯ ಹಿಂದಿನ ದಿನ ಬರುತ್ತದೆ.

ಅಟ್ಯಾಚ್ಡ್ ಬಾತ್‌ರೂಮಿನ ಆಸೆ

ಡಾರ್ಮ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಹಳೆಯ ಮಾದರಿ: ಉದ್ದನೆಯ ಕಾರಿಡಾರ್, ಎರಡೂ ಬದಿಗೆ ರೂಮುಗಳು, ಇಡೀ ಮಹಡಿಗೆ ಸೇರಿ ಬಾತ್‌ರೂಮ್. ಇನ್ನೊಂದು ಸ್ವೀಟ್ (suite): ಎರಡು-ಮೂರು ರೂಮ್, ಅಷ್ಟು ಜನಕ್ಕೇ ಒಂದು ಬಾತ್‌ರೂಮ್, ಕೆಲವೊಮ್ಮೆ ಪುಟ್ಟ ಹಾಲ್.

ನಮ್ಮ ಅಪ್ಪ-ಅಮ್ಮಂದಿರ ಕಣ್ಣು ಮೊದಲು ಹೋಗುವುದು ಎರಡನೆಯದಕ್ಕೆ. ‘ಪಾಪ, ಕಾಮನ್ ಬಾತ್‌ರೂಮಿಗೆ ಟವೆಲ್ ಹಿಡಿದುಕೊಂಡು ಹೋಗಬೇಕಲ್ಲ’ ಎಂಬ ಕನಿಕರ. ಮೊದಲ ವರ್ಷಕ್ಕೆ ಮಾತ್ರ ಕಾರಿಡಾರೇ ವಾಸಿ ಎಂದು ನನ್ನ ಅನಿಸಿಕೆ. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಪಕ್ಕದ ಸಿಂಕಿನವನ ಮುಖ ಪರಿಚಯವಾಗುತ್ತದೆ. ವಾರ ಕಳೆಯುವುದರಲ್ಲಿ ಅವನದೂ ನಿಮ್ಮದೇ ಕ್ಯಾಲ್ಕುಲಸ್ ಕ್ಲಾಸ್ ಅಂತ ಗೊತ್ತಾಗುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಎಂಐಟಿಯ ವೆಸ್ಟ್‌ಗೇಟ್ ಎಂಬ ವಿದ್ಯಾರ್ಥಿ ವಸತಿಯಲ್ಲಿ ಯಾರಿಗೆ ಯಾರು ಗೆಳೆಯರಾದರು ಎಂದು ನೋಡಿ, 1950ರಲ್ಲಿ ಪ್ರಕಟಿಸಿದರು. ಗೆಳೆತನ ಹೆಚ್ಚಾಗಿ ಬೆಳೆದದ್ದು ಪಕ್ಕದ ಬಾಗಿಲಿನವರ ಜೊತೆ. ಕೆಲವೇ ಬಾಗಿಲು ಆಚೆ ಹೋದರೂ ನಂಟು ಕಡಿಮೆಯಾಗುತ್ತಿತ್ತು. ಮೆಟ್ಟಿಲ ಬುಡದಲ್ಲಿದ್ದವರಿಗೆ ಮೇಲಿನ ಮಹಡಿಯವರೂ ಹತ್ತಿರವಾಗಿದ್ದರು, ಯಾಕೆಂದರೆ ಅವರು ದಿನಾ ಅಲ್ಲೇ ಹತ್ತಿ ಇಳಿಯುತ್ತಿದ್ದರು. ನಾಚಿಕೆ ಸ್ವಭಾವದ ಮಗುವಿಗಂತೂ ಇದು ದೊಡ್ಡ ಅನುಕೂಲ. ತಾನಾಗಿ ಹೋಗಿ ಮಾತಾಡಿಸಬೇಕಿಲ್ಲ, ಓಡಾಡಿದರೆ ಸಾಕು.

ಸಿಂಗಲ್, ಡಬಲ್, ಟ್ರಿಪಲ್

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ, ಡಬಲ್ ಕೇಳಿ. ಸಿಂಗಲ್ ದುಬಾರಿ, ಮೊದಲ ವರ್ಷದವರಿಗೆ ಸಿಗುವುದೂ ಕಷ್ಟ. ಮನೆ ನೆನಪಾದ ದಿನ ಬಾಗಿಲು ಹಾಕಿಕೊಂಡು ಕೂರಲು ಅದು ಬಹಳ ಸುಲಭದ ಜಾಗ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಂಥ ಕಡೆ ಟ್ರಿಪಲ್ ಸಾಮಾನ್ಯ, ಬಾಡಿಗೆಯೂ ಕಡಿಮೆ. ಆದರೆ ಮೂವರಲ್ಲಿ ಇಬ್ಬರು ಒಂದಾದರೆ ಮೂರನೆಯವರ ಪಾಡು ಕಷ್ಟ. ಆರೋಗ್ಯದ ಕಾರಣಕ್ಕೆ ಸಿಂಗಲ್ ಬೇಕಿದ್ದರೆ ವೈದ್ಯರ ಪತ್ರದ ಜೊತೆ ಬೇಗ ಕೇಳಬೇಕು.

ರೂಮ್‌ಮೇಟ್ ಫಾರಂ: ನಿಜ ಬರೆಯಿರಿ

ಕಟ್ಟಡಕ್ಕಿಂತ ಇದು ಮುಖ್ಯ. ಎಷ್ಟು ಗಂಟೆಗೆ ಮಲಗುತ್ತೀರಿ, ರೂಮಿಗೆ ಗೆಳೆಯರು ಬಂದರೆ ಪರವಾಗಿಲ್ಲವಾ, ಎಷ್ಟು ಅಚ್ಚುಕಟ್ಟು ಎಂದೆಲ್ಲ ಕೇಳುತ್ತಾರೆ. ಮಕ್ಕಳು ಇಲ್ಲಿ ತಾವು ಹೇಗಿರಬೇಕೆಂದು ಆಸೆಯೋ ಅದನ್ನು ಬರೆದುಬಿಡುತ್ತಾರೆ. ಅಮ್ಮ ಪಕ್ಕದಲ್ಲಿ ಕೂತಿದ್ದರೆ ಮುಗಿದೇ ಹೋಯಿತು: ರಾತ್ರಿ 10ಕ್ಕೆ ನಿದ್ದೆ, ಬೆಳಿಗ್ಗೆ 5ಕ್ಕೆ ಎದ್ದು ಓದು! ಆಮೇಲೆ ನಿಜವಾಗಿಯೂ 5ಕ್ಕೆ ಏಳುವವನೊಬ್ಬ ಜೊತೆಗೆ ಬರುತ್ತಾನೆ. ಅಮ್ಮಂದಿರೇ, ಫಾರಂ ತುಂಬುವಾಗ ಬೇರೆ ಕೋಣೆಗೆ ಹೋಗಿಬಿಡಿ.

ರೂಮ್‌ಮೇಟ್ ಪ್ರಭಾವ ಅಂಕಪಟ್ಟಿಯವರೆಗೂ ಹೋಗುತ್ತದೆ. ಡಾರ್ಟ್‌ಮತ್ ಕಾಲೇಜಿನಲ್ಲಿ ಲೆಕ್ಕಾಚಾರವಿಲ್ಲದೆ ಜೋಡಿ ಮಾಡಿದ ರೂಮ್‌ಮೇಟ್‌ಗಳನ್ನು ಅರ್ಥಶಾಸ್ತ್ರಜ್ಞ ಬ್ರೂಸ್ ಸಾಸರ್ಡೋಟ್ ಅಧ್ಯಯನ ಮಾಡಿ 2001ರಲ್ಲಿ ಬರೆದರು. ಅಂಕಗಳ ಮೇಲೂ ಫ್ರಟರ್ನಿಟಿ ಎಂಬ ವಿದ್ಯಾರ್ಥಿ ಸಂಘ ಸೇರುವ ನಿರ್ಧಾರದ ಮೇಲೂ ಜೊತೆಗಾರರ ಪರಿಣಾಮ ಕಂಡಿತ್ತು. ಯಾವ ವಿಷಯವನ್ನು ಮೇಜರ್ ಆಗಿ ಆರಿಸುತ್ತಾರೆ ಅನ್ನುವುದರ ಮೇಲೆ ಕಾಣಲಿಲ್ಲ. ಕೆಂಟಕಿಯ ಬೆರಿಯಾ ಕಾಲೇಜಿನ ಇನ್ನೊಂದು ಅಧ್ಯಯನ, 2008ರದ್ದು, ಇನ್ನೂ ಮಜವಾಗಿದೆ. ರೂಮ್‌ಮೇಟ್ ವಿಡಿಯೊ ಗೇಮ್ ತಂದಿದ್ದರೆ, ಅದನ್ನು ತರದವನ ಓದೂ ಕಡಿಮೆಯಾಗಿತ್ತು, ಅಂಕವೂ ಇಳಿದಿತ್ತು.

ಹಾಗಾದರೆ ವಾಟ್ಸ್ಆಪ್ ಗ್ರೂಪಿನಲ್ಲಿ ಸಿಕ್ಕ ಬೆಂಗಳೂರಿನ ಹುಡುಗನನ್ನೇ ರೂಮ್‌ಮೇಟ್ ಮಾಡಿಕೊಳ್ಳಲಾ? ಕನ್ನಡ ಮಾತಾಡಲು ಒಬ್ಬರು ಇದ್ದರೆ ಮೊದಲ ತಿಂಗಳು ಹಗುರ, ಒಪ್ಪುತ್ತೇನೆ. ಆದರೆ ಇಬ್ಬರೂ ಒಟ್ಟಿಗೆ ಊಟ, ಒಟ್ಟಿಗೆ ಕ್ಲಾಸ್, ಒಟ್ಟಿಗೆ ವಾಪಸ್ ಅಂತಾದರೆ ಮೂರನೆಯವರ ಪರಿಚಯವೇ ಆಗುವುದಿಲ್ಲ. ಅದೇ ಹಾಲ್, ಬೇರೆ ರೂಮ್ ಕೇಳಿಕೊಳ್ಳಿ. ಹಬ್ಬಕ್ಕೆ ಹೇಗೂ ಸಿಗುತ್ತೀರಿ.

ಕ್ವಯಟ್ ಫ್ಲೋರ್ ಬೇಕಾ?

ರಾತ್ರಿ ಗದ್ದಲ ಮಾಡಬಾರದ ಸಮಯ ಎಲ್ಲ ಡಾರ್ಮಿನಲ್ಲೂ ಇರುತ್ತದೆ, ವಾರಾಂತ್ಯಕ್ಕೆ ಸ್ವಲ್ಪ ಸಡಿಲ. ಇದಲ್ಲದೆ ಇಡೀ ದಿನ ಸದ್ದಿಲ್ಲದ ಮಹಡಿಗಳೂ ಕೆಲವು ಕಡೆ ಸಿಗುತ್ತವೆ. ಹೆದರಿಕೆಯಿಂದ ಅದನ್ನು ಆರಿಸಬೇಡಿ. ಸಣ್ಣ ಸದ್ದಿಗೂ ಎಚ್ಚರವಾಗುವವರಾದರೆ ಸರಿ. ಉಳಿದವರಿಗೆ ‘ಲಿವಿಂಗ್-ಲರ್ನಿಂಗ್ ಕಮ್ಯುನಿಟಿ’ ನೋಡಿ ಎನ್ನುತ್ತೇನೆ. ಒಂದೇ ಆಸಕ್ತಿ ಅಥವಾ ಒಂದೇ ವಿಭಾಗದ ಮಕ್ಕಳನ್ನು ಒಂದು ಮಹಡಿಯಲ್ಲಿ ಇಡುವ ವ್ಯವಸ್ಥೆ ಇದು. ರಾತ್ರಿ ಒಂದು ಲೆಕ್ಕ ಬಿಡಿಸಲು ಬಾರದಿದ್ದರೆ ಎದುರಿನ ಬಾಗಿಲು ತಟ್ಟಬಹುದು. ಇದಕ್ಕೆ ಕೆಲವೊಮ್ಮೆ ಬೇರೆ ಅರ್ಜಿ, ಪುಟ್ಟ ಪ್ರಬಂಧ ಕೇಳುತ್ತಾರೆ, ಗಡುವೂ ಬೇಗ ಇರುತ್ತದೆ.

ಊಟ, ಒಗ್ಗರಣೆ, ಊದುಬತ್ತಿ

ಬಹುತೇಕ ಡಾರ್ಮಿನಲ್ಲಿ ಮೀಲ್ ಪ್ಲಾನ್ ಕಡ್ಡಾಯ. ಸಸ್ಯಾಹಾರಿಗಳು ಊಟದ ಹಾಲ್‌ನ ದಿನದ ಮೆನುವನ್ನು ಆನ್‌ಲೈನ್‌ನಲ್ಲಿ ಒಂದು ವಾರ ಗಮನಿಸಲಿ, ದಿನಾ ಪಾಸ್ತಾ-ಸಲಾಡ್ ಬಿಟ್ಟು ಬೇರೇನಾದರೂ ಇದೆಯಾ ಅಂತ. ಮಹಡಿಯಲ್ಲಿ ಅಡುಗೆಮನೆ ಇದೆಯಾ ಎಂದೂ ನೋಡಿ. ಇದ್ದರೂ ಜೋಪಾನ: ಒಣಮೆಣಸಿನಕಾಯಿ ಒಗ್ಗರಣೆಯ ಹೊಗೆಗೆ ಫೈರ್ ಅಲಾರಂ ಬಡಿದುಕೊಂಡರೆ ಇಡೀ ಕಟ್ಟಡ ಚಪ್ಪಲಿಯಲ್ಲೇ ಹಿಮಕ್ಕೆ ಇಳಿಯಬೇಕಾಗುತ್ತದೆ. ಆಮೇಲೆ ಒಂದು ವಾರ ನೀವೇ ಆ ಮಹಡಿಯ ಸುದ್ದಿ. ರೂಮಿನಲ್ಲಿ ಊದುಬತ್ತಿ, ದೀಪ, ಮೇಣದಬತ್ತಿ ಸಾಮಾನ್ಯವಾಗಿ ನಿಷೇಧ. ಪೂಜೆಗೆ ಬ್ಯಾಟರಿ ದೀಪ ಇಟ್ಟುಕೊಳ್ಳಿ.

ಇನ್ನೊಂದನ್ನು ಮರೆಯದೆ ಕೇಳಿ: ಡಿಸೆಂಬರ್ ರಜೆಯಲ್ಲಿ ಡಾರ್ಮ್ ಮುಚ್ಚುತ್ತದೆಯಾ? ಎಷ್ಟೋ ಕಡೆ ಮುಚ್ಚುತ್ತದೆ. ಊರಿಗೆ ಬರದ ಮಕ್ಕಳು ಅಷ್ಟೂ ವಾರ ಎಲ್ಲಿರಬೇಕು ಎಂಬುದನ್ನು ಆಗ ಯೋಚಿಸಿದರೆ ತಡವಾಯಿತು. ರಜೆಯಲ್ಲೂ ತೆರೆದಿರುವ ಹಾಲ್ ಇದ್ದರೆ ಪಟ್ಟಿಯಲ್ಲಿ ಮೇಲಕ್ಕೆ ಹಾಕಿ.

ಅರ್ಜಿ ಹಾಕಿ, ಮತ್ತೆ?

ಕೆಲವು ಕಡೆ ಮೊದಲು ಅರ್ಜಿ ಹಾಕಿದವರಿಗೆ ಮೊದಲ ಆಯ್ಕೆ, ಕೆಲವು ಕಡೆ ಲಾಟರಿ. ಮೊದಲನೆಯದಾದರೆ ಫಾರಂ ತೆರೆದ ದಿನವೇ ಹಾಕಿ. ಲಾಟರಿಯಾದರೆ ಮೊದಲ ಆಯ್ಕೆಯಷ್ಟೇ ಗಮನವನ್ನು ಮೂರನೆಯ, ನಾಲ್ಕನೆಯ ಆಯ್ಕೆಗೂ ಕೊಡಿ. ಸಿಗುವುದು ಅದೇ ಆಗಿರಬಹುದು.

ಅಲ್ಲಿಗೆ ಹೋದ ಮೇಲೆ ಹೊಂದದಿದ್ದರೆ? ಶುರುವಿನ ವಾರಗಳಲ್ಲಿ ರೂಮ್ ಬದಲಾಯಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಆಗ ಆರ್‌ಎ, ಅಂದರೆ ಅದೇ ಮಹಡಿಯಲ್ಲಿರುವ ಸೀನಿಯರ್ ವಿದ್ಯಾರ್ಥಿ, ಇಬ್ಬರನ್ನೂ ಕೂರಿಸಿ ಲೈಟ್ ಆರಿಸುವ ಹೊತ್ತು, ಅತಿಥಿಗಳು, ಕಸ ಇವನ್ನೆಲ್ಲ ಒಪ್ಪಂದವಾಗಿ ಬರೆಸುತ್ತಾರೆ. ಅದನ್ನು ಜಗಳವಾಗುವ ಮೊದಲೇ ಬರೆಯುವುದು ಒಳ್ಳೆಯದು. ಅಪ್ಪ ಇಲ್ಲಿಂದ ಫೋನ್ ಮಾಡಿ ಹೌಸಿಂಗ್ ಆಫೀಸನ್ನು ದಬಾಯಿಸಿದರೆ ನಡೆಯುವುದಿಲ್ಲ. 1974ರ ಫೆರ್ಪಾ ಕಾನೂನಿನ ಪ್ರಕಾರ, ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆಗಳ ಹಕ್ಕು ವಿದ್ಯಾರ್ಥಿಯದೇ. ಹಾಗಾಗಿ ಹೆತ್ತವರ ಫೋನಿಗೆ ‘ಮಗನಿಂದಲೇ ಇಮೇಲ್ ಮಾಡಿಸಿ’ ಎಂಬ ಉತ್ತರ ಬರುವುದೇ ಹೆಚ್ಚು.